ಒಂದು ಮೆಟ್ಟಿಲು ಕೆಳಗಿಳಿದ ನ್ಯಾಯಮೂರ್ತಿ

(ಕಲಬುರಗಿಯಲ್ಲಿ ಕಿರಿಯ ವಕೀಲರ ಮುಂದೆ ಆಡಿದ ಮಾತುಗಳ ಬರಹ ರೂಪ)

ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಡೆನಿಂಗ್ ಬಗ್ಗೆ ಈ ಊರಿನಲ್ಲಿ ನಿಂತು ಮಾತನಾಡುವುದಕ್ಕೆ ನನಗೊಂದು ಒಳ್ಳೆಯ ನೆಪ ಸಿಕ್ಕಿದೆ. ಅದು ನಿಜಾಮರ ದುಡ್ಡು.

1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂದಾಗ ಕಲಬುರಗಿ, ಬೀದರ್, ರಾಯಚೂರು ಎಲ್ಲವೂ ಆ ಸಂಸ್ಥಾನದಲ್ಲೇ ಇದ್ದವು. ಆ ಕಥೆಯನ್ನು ನಾನು ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಮನೆಯ ಹಿರಿಯರು ಹೇಳಿರುತ್ತಾರೆ. ಅದೇ ತಿಂಗಳು ಲಂಡನ್ನಿನ ಬ್ಯಾಂಕೊಂದರಲ್ಲಿ ನಿಜಾಮ್ ಸರ್ಕಾರದ ಖಾತೆಯಲ್ಲಿದ್ದ 10,07,940 ಪೌಂಡ್ 9 ಶಿಲ್ಲಿಂಗ್ ಹಣ, ಅಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ರಹೀಂತೂಲಾ ಅವರ ಹೆಸರಿಗೆ ವರ್ಗವಾಯಿತು. ‘ಇದು ನನ್ನ ಒಪ್ಪಿಗೆಯಿಲ್ಲದೆ ಆದದ್ದು, ಹಣ ವಾಪಸು ಬರಬೇಕು’ ಎಂದು ನಿಜಾಮರು ಬರೆದರು. ಬ್ಯಾಂಕು ಕೈಚೆಲ್ಲಿತು. ದಾವೆಯಾಯಿತು, ಅಪೀಲಾಯಿತು, 1957ರಲ್ಲಿ ಪ್ರಕರಣ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತಲುಪಿತು. ಒಂದು ಸಾರ್ವಭೌಮ ದೇಶವನ್ನು ಇನ್ನೊಂದು ದೇಶದ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ ಎಂಬ ಕಾರಣಕ್ಕೆ ನಿಜಾಮರು ಅಲ್ಲಿ ಸೋತರು. ಹಣ ಮಾತ್ರ ಯಾರಿಗೂ ಸೇರದೆ ಬ್ಯಾಂಕಿನಲ್ಲೇ ಕೊಳೆಯಿತು. ಕೊಳೆಯಿತು ಎನ್ನುವುದಕ್ಕಿಂತ ಬೆಳೆಯಿತು ಎನ್ನಬೇಕು. 2013ರಲ್ಲಿ ಪಾಕಿಸ್ತಾನ ತಾನೇ ದಾವೆ ಹೂಡಿ ತನ್ನ ರಕ್ಷಣೆಯನ್ನು ಕಳೆದುಕೊಂಡಿತು. 2019ರ ಅಕ್ಟೋಬರಿನಲ್ಲಿ ಭಾರತ ಮತ್ತು ನಿಜಾಮರ ವಾರಸುದಾರರ ಪರ ತೀರ್ಪು ಬರುವ ಹೊತ್ತಿಗೆ ಆ ಮೊತ್ತ ಸುಮಾರು ಮೂರೂವರೆ ಕೋಟಿ ಪೌಂಡ್ ಆಗಿತ್ತು.

1957ರ ಆ ಪೀಠದಲ್ಲಿ ಐವರು ಕುಳಿತಿದ್ದರು. ಅವರಲ್ಲಿ ಒಬ್ಬರು ಅದೇ ವರ್ಷ ಲಾರ್ಡ್ಸ್‌ಗೆ ಬಂದ ಹೊಸಬರು. ನಿಜಾಮರು ಸೋಲಬೇಕು ಎಂಬುದನ್ನು ಅವರೂ ಒಪ್ಪಿದರು. ಆದರೆ ಅಷ್ಟಕ್ಕೆ ಸುಮ್ಮನಾಗಲಿಲ್ಲ. ವಿದೇಶಿ ಸರ್ಕಾರಗಳಿಗೆ ಕಣ್ಣುಮುಚ್ಚಿ ರಕ್ಷಣೆ ಕೊಡುವ ಪದ್ಧತಿಯೇ ಸರಿಯಿಲ್ಲ, ಸರ್ಕಾರ ವ್ಯಾಪಾರಕ್ಕಿಳಿದರೆ ವ್ಯಾಪಾರಿಯ ಹಾಗೆಯೇ ಉತ್ತರ ಕೊಡಬೇಕು ಎಂದು ವಕೀಲರು ಯಾರೂ ವಾದಿಸದ ಸಂಗತಿಗಳನ್ನೆಲ್ಲ ತೆಗೆದು ಉದ್ದಕ್ಕೆ ಬರೆದರು. ಪೀಠದ ಹಿರಿಯರಾದ ವೈಕೌಂಟ್ ಸೈಮಂಡ್ಸ್, ‘ವಕೀಲರ ವಾದವನ್ನೇ ಕೇಳದ ವಿಷಯಗಳಲ್ಲಿ ಇವರ ಅಭಿಪ್ರಾಯಕ್ಕೆ ನನ್ನ ಸಮ್ಮತಿಯಿದೆ ಎಂದು ಯಾರೂ ತಿಳಿಯಬಾರದು’ ಎಂದು ತೀರ್ಪಿನಲ್ಲೇ ದಾಖಲಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತುಂಬಿದ ಕೋರ್ಟಿನಲ್ಲಿ ಕಿವಿ ಹಿಂಡಿದರು.

ಕಿವಿ ಹಿಂಡಿಸಿಕೊಂಡವರು ಲಾರ್ಡ್ ಡೆನಿಂಗ್. ಕಾನೂನು ಕಾಲೇಜಿನ ಮೊದಲ ವರ್ಷ ಮುಗಿಸಿದ ಯಾರಿಗೂ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಐದು ವರ್ಷಗಳ ನಂತರ, 1962ರಲ್ಲಿ, ಅವರು ದೇಶದ ಅತ್ಯುನ್ನತ ಪೀಠವನ್ನು ಬಿಟ್ಟು ಒಂದು ಮೆಟ್ಟಿಲು ಕೆಳಗಿನ ಕೋರ್ಟ್ ಆಫ್ ಅಪೀಲ್‌ಗೆ, ಅಂದರೆ ಮೇಲ್ಮನವಿ ನ್ಯಾಯಾಲಯಕ್ಕೆ, ಮುಖ್ಯಸ್ಥರಾಗಿ ಇಳಿದು ಬಂದರು. ಮಾಸ್ಟರ್ ಆಫ್ ದಿ ರೋಲ್ಸ್ ಎಂಬ ಹಳೆಯ ಹೆಸರಿನ ಹುದ್ದೆ ಅದು. ಅಲ್ಲಿಯೇ ಇಪ್ಪತ್ತು ವರ್ಷ ಕುಳಿತರು. ಅವರ ವೃತ್ತಿಜೀವನದ ಬೀಗದ ಕೈ ಈ ಇಳಿದು ಬಂದ ನಿರ್ಧಾರದಲ್ಲಿದೆ ಎಂಬುದು ನನ್ನ ಎಣಿಕೆ.

ಯಾಕೆ ಇಳಿದರು? ಲೆಕ್ಕ ಸರಳ. ಡೆನಿಂಗ್ ಮೂಲತಃ ಗಣಿತದ ವಿದ್ಯಾರ್ಥಿ. ಲಾರ್ಡ್ಸ್‌ನಲ್ಲಿ ಆಗ ಸಾಮಾನ್ಯವಾಗಿ ಐವರು ಕೂರುತ್ತಿದ್ದರು, ತನ್ನ ಮಾತು ನಡೆಯಬೇಕಾದರೆ ಇನ್ನಿಬ್ಬರನ್ನು ಒಲಿಸಿಕೊಳ್ಳಬೇಕಿತ್ತು. ಮೇಲ್ಮನವಿ ನ್ಯಾಯಾಲಯದಲ್ಲಿ ಮೂವರು, ಒಬ್ಬರನ್ನು ಒಲಿಸಿದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಲಾರ್ಡ್ಸ್ ತನಕ ಹೋಗುವ ದುಡ್ಡು ಮತ್ತು ಕಸುವು ಎಷ್ಟು ಕಕ್ಷಿದಾರರಿಗೆ ಇರುತ್ತಿತ್ತು? ಬಹುಪಾಲು ಜನರ ಹಣೆಬರಹ ಮೇಲ್ಮನವಿಯಲ್ಲೇ ಮುಗಿಯುತ್ತದೆ. ಆರ್‌ಎಸ್‌ಎ, ಅಂದರೆ ಎರಡನೆಯ ಮೇಲ್ಮನವಿಯ, ಕಡತ ಹಿಡಿದು ಇಲ್ಲಿನ ಹೈಕೋರ್ಟ್ ಪೀಠದ ಮುಂದೆ ನಿಲ್ಲುವ ರೈತನಿಗೆ ದೆಹಲಿ ಎಷ್ಟು ದೂರ ಎಂಬುದು ನಿಮಗೆ ಗೊತ್ತಿದೆ. ಆ ರೈತನ ಪಾಲಿಗೆ ಕಾನೂನು ಅಂದರೆ ಈ ಪೀಠ ಹೇಳಿದ್ದು, ಅಷ್ಟೇ. ಡೆನಿಂಗ್ ಈ ಸತ್ಯವನ್ನು ಚೆನ್ನಾಗಿ ಅರಿತಿದ್ದರು. ‘ಹೌಸ್ ಆಫ್ ಲಾರ್ಡ್ಸ್ ಸ್ವರ್ಗವಿದ್ದಂತೆ, ಎಂದಾದರೊಂದು ದಿನ ಅಲ್ಲಿಗೆ ಹೋಗಬೇಕು ಅನ್ನಿಸುತ್ತದೆ, ಆದರೆ ಜೀವವಿರುವ ತನಕ ಬೇಡ’ ಎಂಬ ಅವರ ತಮಾಷೆಯ ಮಾತಿನಲ್ಲಿ ಈ ಲೆಕ್ಕಾಚಾರ ಅಡಗಿದೆ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1899ರ ಜನವರಿ 23ರಂದು ಹ್ಯಾಂಪ್‌ಷೈರಿನ ವಿಟ್‌ಚರ್ಚ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆಯದು ಬಟ್ಟೆ ಅಂಗಡಿ, ತಾಯಿ ಶಾಲೆಯಲ್ಲಿ ಕಲಿಸಿದವರು. ಐವರು ಗಂಡುಮಕ್ಕಳು. ಇಬ್ಬರು ಮೊದಲ ಮಹಾಯುದ್ಧದಲ್ಲಿ ಸೇವೆಯಲ್ಲಿದ್ದಾಗ ತೀರಿಕೊಂಡರು. ಉಳಿದ ಮೂವರಲ್ಲಿ ಒಬ್ಬರು ಭೂಸೇನೆಯ ಲೆಫ್ಟಿನೆಂಟ್ ಜನರಲ್, ಒಬ್ಬರು ನೌಕಾಪಡೆಯ ವೈಸ್ ಅಡ್ಮಿರಲ್, ಇನ್ನೊಬ್ಬರು ಇವರು. ಹಳ್ಳಿಯ ಬಟ್ಟೆ ಅಂಗಡಿಯಿಂದ ಹೊರಟ ಮನೆತನ ಅದು. ಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಬಂದು ಆಕ್ಸ್‌ಫರ್ಡಿನಲ್ಲಿ ಗಣಿತದ ಪದವಿ ಮುಗಿಸಿದರು, ಸ್ವಲ್ಪ ಕಾಲ ಶಾಲೆಯಲ್ಲಿ ಗಣಿತ ಕಲಿಸಿದರು, ಬೇಸರವಾಗಿ ಕಾನೂನಿಗೆ ತಿರುಗಿದರು. 1923ರಲ್ಲಿ ವಕೀಲಿಕೆ, 1938ರಲ್ಲಿ ಕಿಂಗ್ಸ್ ಕೌನ್ಸೆಲ್ ಎಂಬ ಹಿರಿಯ ವಕೀಲರ ಪದವಿ, 1944ರಲ್ಲಿ ಹೈಕೋರ್ಟ್ ನ್ಯಾಯಾಧೀಶ. ಮೊದಲು ಕೂರಿಸಿದ್ದು ವಿಚ್ಛೇದನ ವಿಭಾಗದಲ್ಲಿ. ಅಲ್ಲಿಂದ ಬೇಗ ಹೈಕೋರ್ಟಿನದೇ ಕಿಂಗ್ಸ್ ಬೆಂಚ್ ವಿಭಾಗಕ್ಕೆ ಬಂದರೂ, ವಿಚ್ಛೇದನದ ವಿಧಾನ ಕುರಿತ ಸಮಿತಿಯ ಅಧ್ಯಕ್ಷತೆ ವಹಿಸಿ, ಮೊದಲ ಆದೇಶಕ್ಕೂ ಅಂತಿಮ ಆದೇಶಕ್ಕೂ ನಡುವಿನ ಆರು ತಿಂಗಳ ಕಾಯುವಿಕೆಯನ್ನು ಆರು ವಾರಕ್ಕೆ ಇಳಿಸಲು ಕಾರಣರಾದರು. 1948ರಲ್ಲಿ ಮೊದಲ ಬಾರಿ ಮೇಲ್ಮನವಿ ನ್ಯಾಯಾಲಯ, 1957ರಲ್ಲಿ ಲಾರ್ಡ್ಸ್. ಮೆಟ್ಟಿಲುಗಳು ಇಷ್ಟೇ.

ಹೈಕೋರ್ಟ್‌ನಲ್ಲಿದ್ದಾಗಲೇ ಅವರ ಜಾಣತನ ಬೆಳಕಿಗೆ ಬಂತು. 1947ರ ಹೈ ಟ್ರೀಸ್ ಪ್ರಕರಣ ನೆನಪಿಸಿಕೊಳ್ಳಿ. ಲಂಡನ್ನಿನ ಫ್ಲ್ಯಾಟುಗಳ ಕಟ್ಟಡವೊಂದಕ್ಕೆ ವರ್ಷಕ್ಕೆ 2,500 ಪೌಂಡ್ ಬಾಡಿಗೆ. ಯುದ್ಧ ಬಂತು, ಫ್ಲ್ಯಾಟುಗಳು ಖಾಲಿಯಾದವು, ಮಾಲೀಕರು ಬಾಡಿಗೆಯನ್ನು ಅರ್ಧಕ್ಕಿಳಿಸಿದರು. 1945ರಲ್ಲಿ ಕಟ್ಟಡ ಮತ್ತೆ ತುಂಬಿದ ಮೇಲೆ ಪೂರ್ತಿ ಬಾಡಿಗೆ ಕೇಳಿದರು. ದಾವೆ ಇದ್ದದ್ದು ಕೊನೆಯ ಎರಡು ಕಂತುಗಳಿಗೆ ಮಾತ್ರ, ಡೆನಿಂಗ್ ಅದನ್ನು ಕೊಡಿಸಿದರು. ವಾದಿ ಗೆದ್ದ. ಆದರೆ ಜಗತ್ತು ನೆನಪಿಟ್ಟುಕೊಂಡದ್ದು ತೀರ್ಪಿಗೆ ಬೇಕಾಗಿರದ ಇನ್ನೊಂದು ಮಾತನ್ನು. ಯುದ್ಧಕಾಲದ ಹಳೆಯ ಬಾಕಿಯನ್ನು ಕೇಳಿದ್ದರೆ ಕೊಡಿಸುತ್ತಿರಲಿಲ್ಲ, ಮಾತು ಕೊಟ್ಟು ಅದನ್ನು ನಂಬಿಸಿದವರು ಹಿಂದೆ ಸರಿಯುವಂತಿಲ್ಲ ಎಂದರು. ಮೇಲ್ಮನವಿಗೆ ಹೋಗಲು ಗೆದ್ದವನಿಗೆ ಕಾರಣವಿಲ್ಲ, ಸೋತವನಿಗೆ ಆ ಮಾತು ಅನುಕೂಲಕರವೇ. ಹೀಗೆ ಯಾರೂ ಪ್ರಶ್ನಿಸದ ಒಂದು ತತ್ವ ಹುಟ್ಟಿಕೊಂಡಿತು. ಮೂವತ್ತೊಂದು ವರ್ಷಗಳ ನಂತರ ನಮ್ಮ ಸುಪ್ರೀಂ ಕೋರ್ಟು ಮೋತಿಲಾಲ್ ಪದಂಪತ್ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ ಅದೇ ತತ್ವವನ್ನು ಉತ್ತರ ಪ್ರದೇಶ ಸರ್ಕಾರದ ಮೇಲೆ ಪ್ರಯೋಗಿಸಿತು. ತೆರಿಗೆ ವಿನಾಯಿತಿಯ ಭರವಸೆ ಕೊಟ್ಟು ಕೈಕೊಟ್ಟ ಸರ್ಕಾರ ಅದು. ಇಂದು ನೀವು ಸರ್ಕಾರದ ಭರವಸೆ ನಂಬಿ ಕೆಟ್ಟ ಕಕ್ಷಿದಾರನ ಪರ ರಿಟ್ ಹಾಕುವಾಗ ಬಳಸುವ ವಾದದ ತಾಯಿಬೇರು ಆ ಬಾಡಿಗೆ ಜಗಳದಲ್ಲಿದೆ.

ಇನ್ನು ಮೇಲ್ಮನವಿ ನ್ಯಾಯಾಲಯದ ಡೆನಿಂಗ್. ಅವರನ್ನು ಹತ್ತಿರದಿಂದ ನೋಡಲು ಒಂದೇ ಒಂದು ತೀರ್ಪು ಸಾಕು, 1974ರಲ್ಲಿ ಬಂದ ಲಾಯ್ಡ್ಸ್ ಬ್ಯಾಂಕ್ ವಿರುದ್ಧ ಬಂಡಿ. ಅದರ ಆರಂಭ ಹೆಚ್ಚುಕಡಿಮೆ ಹೀಗಿದೆ. ಬ್ರಾಡ್‌ಚಾಕ್ ಇಂಗ್ಲೆಂಡಿನ ಅತ್ಯಂತ ಚೆಂದದ ಹಳ್ಳಿಗಳಲ್ಲಿ ಒಂದು. ಮುದುಕ ಹರ್ಬರ್ಟ್ ಬಂಡಿ ಅಲ್ಲಿನ ರೈತ. ಅವನ ಮನೆ ಯೂ ಟ್ರೀ ಫಾರ್ಮ್. ಮುನ್ನೂರು ವರ್ಷ ಹಳೆಯದು. ತಲೆತಲಾಂತರದಿಂದ ಆ ಕುಟುಂಬ ಅಲ್ಲೇ ಇತ್ತು. ಅವನಿಗಿದ್ದ ಆಸ್ತಿ ಅದೊಂದೇ. ಆದರೆ ಅವನೊಂದು ದಡ್ಡ ಕೆಲಸ ಮಾಡಿದ. ಅದನ್ನು ಬ್ಯಾಂಕಿಗೆ ಅಡವಿಟ್ಟ.

ವಾಕ್ಯಗಳ ಅಳತೆ ಗಮನಿಸಿ. ಒಂದೊಂದೂ ಒಂದು ಹೆಜ್ಜೆ. ‘ಪ್ರತಿವಾದಿಯು ಸದರಿ ಸ್ಥಿರಾಸ್ತಿಯನ್ನು’ ಎಂದು ಶುರುವಾಗಿ ಎರಡು ಪುಟ ದಾಟಿದರೂ ಕ್ರಿಯಾಪದ ಸಿಗದ ನಮ್ಮ ಅರ್ಜಿಗಳನ್ನು ನೆನೆದು ನನಗೆ ನಗು ಬರುತ್ತದೆ. ಇಲ್ಲಿ ಆರೇಳು ವಾಕ್ಯ ಮುಗಿಯುವಷ್ಟರಲ್ಲಿ ಓದುಗ ಬಂಡಿಯ ಅಂಗಳದಲ್ಲಿ ನಿಂತಿರುತ್ತಾನೆ. ಕಥೆ ನಮಗೆ ಹೊಸದೇನಲ್ಲ. ಮಗನ ಕಂಪನಿಗೆ ಸಾಲ ಏರುತ್ತ ಹೋಯಿತು, ಅಪ್ಪ ಜಾಮೀನು ನಿಂತ. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು. 1969ರ ಡಿಸೆಂಬರಿನಲ್ಲಿ ಬ್ಯಾಂಕಿನ ಅಧಿಕಾರಿ ಮಗನ ಜೊತೆ ಮನೆಗೇ ಬಂದ, ತುಂಬಿಸಿದ ಕಾಗದಗಳನ್ನು ಕೈಯಲ್ಲಿ ಹಿಡಿದೇ ಬಂದ. ಅಪ್ಪ ಸಹಿ ಹಾಕಿದ. ಜಾಮೀನಿನ ಮೊತ್ತ 11,000 ಪೌಂಡ್ ಆಯಿತು, ಮನೆಯ ಬೆಲೆ 10,000. ಅದೇ ಬ್ಯಾಂಕು ಅಪ್ಪನಿಗೂ ಬ್ಯಾಂಕು, ಮಗನಿಗೂ ಬ್ಯಾಂಕು. ‘ಒಂದು ಸಲ ಬೇರೆ ವಕೀಲರನ್ನು ಕೇಳಿ ಬನ್ನಿ’ ಎಂದು ಯಾರೂ ಹೇಳಲಿಲ್ಲ. ಕಂಪನಿ ಮುಳುಗಿತು, ಬ್ಯಾಂಕು ಮನೆ ಖಾಲಿ ಮಾಡಿಸಲು ಬಂತು. ವಿಚಾರಣೆಯಲ್ಲಿ ಸಾಕ್ಷಿಕಟ್ಟೆಯಲ್ಲೇ ಮುದುಕನಿಗೆ ಹೃದಯಾಘಾತವಾಯಿತು. ಕೆಳಗಿನ ನ್ಯಾಯಾಧೀಶರು ಮರುಗಿದರು, ಆದರೆ ನನ್ನ ಕೈಯಲ್ಲೇನಿದೆ ಎಂದರು.

ಡೆನಿಂಗ್ ತಮ್ಮ ಕೈಯಲ್ಲಿ ಬೇಕಾದಷ್ಟಿದೆ ಎಂದರು. ಬೇರೆ ಬೇರೆ ಕಾಲದ ಬೇರೆ ಬೇರೆ ಪ್ರಕರಣಗಳನ್ನೆಲ್ಲ ಒಟ್ಟುಗೂಡಿಸಿ, ಇವೆಲ್ಲದರ ಅಡಿಯಲ್ಲಿ ಒಂದೇ ಎಳೆ ಹರಿಯುತ್ತಿದೆ, ಒಬ್ಬನ ಕೈ ಮೇಲೆ ಇನ್ನೊಬ್ಬನ ಕೈ ಕೆಳಗೆ ಇರುವಾಗ ಆದ ಅನ್ಯಾಯದ ಕರಾರು ನಿಲ್ಲದು ಎಂದು ಸಾರಿದರು. ಜೊತೆಗಿದ್ದ ಇಬ್ಬರೂ ಬಂಡಿಯ ಪರವೇ ಇದ್ದರು. ಆದರೆ ಅವರು ಈ ದೊಡ್ಡ ತತ್ವದ ತಂಟೆಗೆ ಹೋಗದೆ, ಅನುಚಿತ ಪ್ರಭಾವ ಎಂಬ ಹಳೆಯ ಆಧಾರದ ಮೇಲೆಯೇ ಕೆಲಸ ಮುಗಿಸಿದರು. ಮನೆ ಉಳಿಯಿತು. ತತ್ವ ಉಳಿಯಲಿಲ್ಲ. 1985ರಲ್ಲಿ ಲಾರ್ಡ್ಸ್ ಅಂಥ ಸಾಮಾನ್ಯ ತತ್ವದ ಅಗತ್ಯವಿಲ್ಲ ಎಂದಿತು. ವಿಚಿತ್ರವೆಂದರೆ ಮರುವರ್ಷವೇ, 1986ರಲ್ಲಿ, ನಮ್ಮ ಸುಪ್ರೀಂ ಕೋರ್ಟು ಬ್ರೋಜೋ ನಾಥ್ ಗಂಗೂಲಿ ಪ್ರಕರಣದಲ್ಲಿ ಅದನ್ನು ಕರೆದು ಕೂರಿಸಿಕೊಂಡಿತು. ತವರಿನಲ್ಲಿ ಬಾಗಿಲು ಮುಚ್ಚಿದ ಮಾತಿಗೆ ಇಲ್ಲಿ ಮಣೆ ಸಿಕ್ಕಿತು.

ಮೇಲಿನವರು ಹೊಡೆಯುವುದು, ಕಾಲ ಕಳೆದ ಮೇಲೆ ಇನ್ನೊಂದು ದಾರಿಯಲ್ಲಿ ಇವರ ಮಾತೇ ಗೆಲ್ಲುವುದು, ಇದು ಡೆನಿಂಗ್ ಅವರಿಗೆ ಅಭ್ಯಾಸವೇ ಆಗಿತ್ತು. ಗಂಡ ಬಿಟ್ಟುಹೋದ ಹೆಂಡತಿಗೆ ಗಂಡನ ಹೆಸರಿನ ಮನೆಯಲ್ಲಿ ಉಳಿಯುವ ಹಕ್ಕಿದೆ ಎಂದು 1950ರ ದಶಕದಿಂದ ಹೇಳುತ್ತ ಬಂದರು. 1965ರಲ್ಲಿ ಲಾರ್ಡ್ಸ್ ಅದನ್ನು ತಳ್ಳಿಹಾಕಿತು. ಎರಡೇ ವರ್ಷದಲ್ಲಿ ಸಂಸತ್ತು ಕಾಯಿದೆ ಮಾಡಿ ಹೆಂಡತಿಗೆ ರಕ್ಷಣೆ ಕೊಟ್ಟಿತು. ಅಜಾಗರೂಕ ಲೆಕ್ಕಪತ್ರ ನಂಬಿ ದುಡ್ಡು ಹಾಕಿ ಕಳೆದುಕೊಂಡವನಿಗೆ ಲೆಕ್ಕಿಗರು ಉತ್ತರ ಕೊಡಬೇಕು ಎಂದು 1951ರಲ್ಲಿ ಒಂಟಿಯಾಗಿ ಭಿನ್ನಮತ ಬರೆದರು. 1963ರಲ್ಲಿ ಲಾರ್ಡ್ಸ್ ಆ ಭಿನ್ನಮತವನ್ನೇ ಕಾನೂನಾಗಿಸಿತು. ಇನ್ನು ನಿಜಾಮರ ಪ್ರಕರಣದಲ್ಲಿ ಕಿವಿ ಹಿಂಡಿಸಿಕೊಂಡ ಆ ವಾದ? 1970ರ ದಶಕದಲ್ಲಿ ನೈಜೀರಿಯಾ ಸರ್ಕಾರ ತನ್ನ ಬಂದರು ತಾಳಲಾರದಷ್ಟು ಸಿಮೆಂಟ್ ತರಿಸಿಕೊಂಡು, ಹಡಗುಗಳು ಸಾಲುಗಟ್ಟಿ ನಿಂತಾಗ ದುಡ್ಡು ಕೊಡುವುದನ್ನು ನಿಲ್ಲಿಸಿತು. ಅದರ ಕೇಂದ್ರ ಬ್ಯಾಂಕು ಸಾರ್ವಭೌಮತ್ವದ ಗುರಾಣಿ ಹಿಡಿಯಿತು. 1977ರಲ್ಲಿ ಡೆನಿಂಗ್ ಅದೇ ಹಳೆಯ ಮಾತನ್ನು ತೆಗೆದು, ಸಿಮೆಂಟ್ ಕೊಂಡವರು ಸಿಮೆಂಟಿನ ದುಡ್ಡು ಕೊಡಬೇಕು ಎಂದರು. ಈ ಸಲ ಅದು ನಿಂತಿತು. ಲಾರ್ಡ್ಸ್‌ನಲ್ಲಿ ಐವರಲ್ಲಿ ಒಬ್ಬರಾಗಿ ಸಾಧಿಸಲಾಗದ್ದನ್ನು ಕೆಳಗಿನ ಮೆಟ್ಟಿಲಿನಲ್ಲಿ ಕುಳಿತು ಸಾಧಿಸಿದರು.

ಬೆಂಗಳೂರಿಗೂ ಒಂದು ನಂಟಿದೆ. 1949ರಲ್ಲಿ ಡೆನಿಂಗ್, ಕಾಯಿದೆಯಲ್ಲಿ ಲೋಪ ಕಂಡಾಗ ನ್ಯಾಯಾಧೀಶ ಕೈಕಟ್ಟಿ ಕೂತು ಬರೆದವರನ್ನು ದೂರಬಾರದು, ಬಟ್ಟೆಯ ನೂಲನ್ನು ಬದಲಿಸದೆ ಸುಕ್ಕುಗಳನ್ನು ಇಸ್ತ್ರಿ ಮಾಡಬೇಕು ಎಂದಿದ್ದರು. ಬಟ್ಟೆ ಅಂಗಡಿಯವರ ಮಗನಲ್ಲವೇ! ಅದೇ ಧಾಟಿಯ ಅವರ ಇನ್ನೊಂದು ಮಾತಿಗೆ ಅದೇ ಸೈಮಂಡ್ಸ್ ಎರಡು ವರ್ಷದ ನಂತರ, ಇದು ಶಾಸಕಾಂಗದ ಅಧಿಕಾರವನ್ನು ಹಾಡಹಗಲೇ ಕಸಿದುಕೊಳ್ಳುವುದು ಎಂದು ಹರಿಹಾಯ್ದರು. ಆ ಇಸ್ತ್ರಿಯ ಮಾತು ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ನೌಕರರ ಕೈಗೆ ಸಿಕ್ಕಿತು. ದುರ್ನಡತೆಯ ಹೆಸರಿನಲ್ಲಿ ದಂಡ ವಸೂಲಿ ಮಾಡಿದ್ದನ್ನು ಅವರು ಪ್ರಶ್ನಿಸಿದರು. ನಮ್ಮದು ಉದ್ದಿಮೆಯೇ ಅಲ್ಲ, ಕೈಗಾರಿಕಾ ವಿವಾದಗಳ ಕಾಯಿದೆ ನಮಗೆ ಅನ್ವಯಿಸದು ಎಂದು ಮಂಡಳಿ ವಾದಿಸಿತು. 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ನೌಕರರ ಪರ ನಿಂತಾಗ, ಮುಖ್ಯ ನ್ಯಾಯಮೂರ್ತಿ ಬೇಗ್ ತಮ್ಮ ಅಭಿಪ್ರಾಯದಲ್ಲಿ ನೆಮ್ಮಿಕೊಂಡದ್ದು ಡೆನಿಂಗ್ ಅವರ ಈ ಮಾತನ್ನು.

ಇಷ್ಟರ ತನಕ ನೀವು ಚಪ್ಪಾಳೆ ತಟ್ಟಿದ್ದೀರಿ. ಇನ್ನು ಮುಂದಿನದಕ್ಕೆ ತಟ್ಟಲಾರಿರಿ.

ಬಂಡಿಯನ್ನು ಉಳಿಸಿದ ಗುಣ ಯಾವುದು? ಆ ಮುದುಕನನ್ನು ಡೆನಿಂಗ್ ಬಲ್ಲರು. ವಿಟ್‌ಚರ್ಚ್‌ನಲ್ಲಿ ಅಂಥ ಮುದುಕರ ನಡುವೆಯೇ ಬೆಳೆದವರು. ಹಳ್ಳಿಯ ಕ್ರಿಕೆಟ್ ಚೆಂಡು ಪಕ್ಕದ ಮನೆಯ ಅಂಗಳಕ್ಕೆ ಬೀಳುತ್ತದೆ ಎಂದು ದೂರು ಬಂದಾಗ ಆಟದ ಪರವೇ ಬರೆದರು, ಅಂಥ ಮೈದಾನವೂ ಅವರಿಗೆ ಗೊತ್ತಿದ್ದದ್ದೇ. ಅವರ ಮರುಕವೇ ಅವರ ನ್ಯಾಯವಿಧಾನ. ಹಾಗಾದರೆ ಅವರು ಅರಿಯದ ಮನುಷ್ಯರು ಮುಂದೆ ನಿಂತಾಗ ಏನಾಗುತ್ತದೆ?

1974ರ ನವೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಆರು ಮಂದಿ ಐರಿಷರಿಗೆ ಜೀವಾವಧಿ ಶಿಕ್ಷೆಯಾಯಿತು. ಪೊಲೀಸರು ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರು ಎಂದು ಅವರು ಜೈಲಿನಿಂದಲೇ ಸಿವಿಲ್ ದಾವೆ ಹೂಡಿದರು. 1980ರಲ್ಲಿ ಅದು ಡೆನಿಂಗ್ ಪೀಠಕ್ಕೆ ಬಂತು. ಅವರು ತರ್ಕಿಸಿದ ರೀತಿ ಇದು. ಇವರು ಸೋತರೆ ಇಷ್ಟು ಜನರ ಸಮಯ, ದುಡ್ಡು ದಂಡ. ಇವರು ಗೆದ್ದರೆ ಪೊಲೀಸರು ಸುಳ್ಳು ಸಾಕ್ಷಿ ಹೇಳಿದರು, ಹಿಂಸಿಸಿದರು, ಶಿಕ್ಷೆಯೇ ತಪ್ಪು ಎಂದಾಗುತ್ತದೆ. ಅದು ಎಂಥ ಭಯಾನಕ ನೋಟವೆಂದರೆ, ಈ ದಾವೆ ಮುಂದುವರಿಯುವುದು ಸರಿಯಲ್ಲ ಎಂದು ದೇಶದ ಯಾವ ವಿವೇಕಿಯೂ ಹೇಳುತ್ತಾನೆ. ದಾವೆ ವಜಾ.

ಈ ಸಾಲುಗಳನ್ನು ಎಷ್ಟು ಸಲ ಓದಿದರೂ ನನಗೆ ಬೆವರು ಬರುತ್ತದೆ. ಇದೇ ಪುಟ್ಟ ವಾಕ್ಯಗಳು, ಇದೇ ಸರಾಗ ಓಟ, ಇದೇ ಸಾಮಾನ್ಯ ಮನುಷ್ಯನ ವಿವೇಕದ ಮೇಲಿನ ಭಾರ. ಒಂದೇ ವ್ಯತ್ಯಾಸವೆಂದರೆ ಈ ಸಲ ಅವರು ಬಲ್ಲದ್ದು ಪೊಲೀಸರನ್ನು, ಆ ಆರು ಜನರನ್ನಲ್ಲ. ನೋಟ ಭಯಾನಕವಾಗಿದೆ ಎಂಬುದು ಕಣ್ಣು ಮುಚ್ಚಿಕೊಳ್ಳಲು ಕಾರಣ ಹೇಗಾಯಿತು? 1991ರ ಮಾರ್ಚಿನಲ್ಲಿ, ಹದಿನಾರು ವರ್ಷ ಜೈಲಿನಲ್ಲಿದ್ದ ಆರೂ ಮಂದಿ ಬಿಡುಗಡೆಯಾದರು. ಶಿಕ್ಷೆ ರದ್ದಾಯಿತು. ಅದಕ್ಕೆ ಸ್ವಲ್ಪ ಮೊದಲು, ನಿವೃತ್ತ ಡೆನಿಂಗ್ ಸಂದರ್ಶನವೊಂದರಲ್ಲಿ, ಅವರನ್ನು ಗಲ್ಲಿಗೇರಿಸಿದ್ದರೆ ಈ ಚಳವಳಿಗಳೇ ಇರುತ್ತಿರಲಿಲ್ಲ ಎಂದೂ ಹೇಳಿದ್ದರು.

ಅವರ ಕೊನೆಯ ದಿನಗಳ ತೀರ್ಪುಗಳಲ್ಲಿ ಭಾರತೀಯರಿಗೆ ಸಂಬಂಧಿಸಿದ್ದೂ ಒಂದಿದೆ. ಬರ್ಮಿಂಗ್‌ಹ್ಯಾಮಿನ ಖಾಸಗಿ ಶಾಲೆಯೊಂದು, ಪೇಟ ತೆಗೆದು ಕೂದಲು ಕತ್ತರಿಸದೆ ಸಿಖ್ ಹುಡುಗನನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಜನಾಂಗೀಯ ತಾರತಮ್ಯದ ಕಾಯಿದೆ ಸಿಖ್ಖರಿಗೆ ರಕ್ಷಣೆ ಕೊಡುವುದಿಲ್ಲ, ಅವರದು ಧರ್ಮ, ಜನಾಂಗವಲ್ಲ ಎಂದು 1982ರ ಜುಲೈನಲ್ಲಿ ಡೆನಿಂಗ್ ಪೀಠ ತೀರ್ಪು ಕೊಟ್ಟಿತು. ಮರುವರ್ಷ ಲಾರ್ಡ್ಸ್ ಅದನ್ನು ತಿರುಗಿಸಿತು. ಅಷ್ಟರಲ್ಲಿ ಡೆನಿಂಗ್ ಮನೆಗೆ ಹೋಗಿದ್ದರು. ಅದೇ 1982ರಲ್ಲಿ ಬಂದ ಅವರ ಪುಸ್ತಕದಲ್ಲಿ, ಬ್ರಿಸ್ಟಲ್ ಗಲಭೆಯ ವಿಚಾರಣೆಯ ಕರಿಯ ಜ್ಯೂರಿ ಸದಸ್ಯರ ಬಗ್ಗೆ ಬರೆದ ಮಾತುಗಳಿಗೆ ಮಾನನಷ್ಟದ ಬೆದರಿಕೆ ಬಂದು, ಪ್ರತಿಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವರು ಕ್ಷಮೆ ಕೇಳಿದರು, ನಿವೃತ್ತಿ ಘೋಷಿಸಿದರು. ಆಗ ಅವರಿಗೆ 83. ನಿವೃತ್ತಿ ವಯಸ್ಸಿನ ನಿಯಮ ಬರುವ ಮೊದಲೇ ನೇಮಕವಾದ್ದರಿಂದ ಅಷ್ಟು ಕಾಲ ಕೂರಲು ಅವಕಾಶವಿತ್ತು. ಹತ್ತು ವರ್ಷ ಮೊದಲೇ ಎದ್ದಿದ್ದರೆ ಹೆಸರು ಕಳಂಕವಿಲ್ಲದೆ ಉಳಿಯುತ್ತಿತ್ತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವಯಸ್ಸು ಅವರನ್ನು ಬದಲಿಸಲಿಲ್ಲ, ಅವರ ಮುಂದೆ ಬಂದು ನಿಲ್ಲುವ ಇಂಗ್ಲೆಂಡ್ ಬದಲಾಗಿತ್ತು. ನೂರು ತುಂಬಿದ ಆರು ವಾರಗಳಲ್ಲಿ, 1999ರ ಮಾರ್ಚ್ 5ರಂದು ತೀರಿಕೊಂಡರು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಯುವ ವಕೀಲೆ ಎದ್ದು ಕೇಳಿದರು: ‘ಸರ್, ಹಾಗಾದರೆ ಡೆನಿಂಗ್ ಅವರನ್ನು ಕೋರ್ಟಿನಲ್ಲಿ ಉಲ್ಲೇಖಿಸಬಹುದೋ ಬೇಡವೋ?’ ಅವರ ಕೈಯಲ್ಲಿ ಬ್ಯಾಂಕ್ ಜಾಮೀನಿನ ಪ್ರಕರಣವೇ ಇತ್ತಂತೆ, ಅಪ್ಪ ಮಗನಿಗೆ ನಿಂತ ಜಾಮೀನು.

ಉಲ್ಲೇಖಿಸಿ, ಆದರೆ ಆಮೇಲೆ ಲಾರ್ಡ್ಸ್ ಏನೆಂದಿತು ಎಂದು ನೋಡಿಕೊಳ್ಳದೆ ಹೋಗಬೇಡಿ ಎಂದೆ. ಬಂಡಿ ತೀರ್ಪನ್ನು ಎತ್ತಿದರೆ ಬ್ಯಾಂಕಿನ ವಕೀಲರು 1985ರ ತೀರ್ಪನ್ನು ಮೇಜಿನ ಮೇಲಿಡುತ್ತಾರೆ. ಬ್ರೋಜೋ ನಾಥ್ ಎತ್ತಿದರೆ, ಇಬ್ಬರೂ ವ್ಯಾಪಾರಸ್ಥರಾಗಿದ್ದು ಕರಾರು ವಾಣಿಜ್ಯದ್ದಾದರೆ ಈ ತತ್ವ ಅನ್ವಯಿಸದೇ ಇರಬಹುದು ಎಂದು ಅದೇ ತೀರ್ಪಿನಲ್ಲಿರುವ ಸಾಲನ್ನು ಓದಿ ತೋರಿಸುತ್ತಾರೆ. ನಿಮ್ಮ ಕಕ್ಷಿದಾರ ವ್ಯಾಪಾರಿಯಲ್ಲ ಎಂಬುದನ್ನು ಮೊದಲು ಸಾಕ್ಷ್ಯದಲ್ಲಿ ತನ್ನಿ. ಬ್ಯಾಂಕಿನವರು ಎಲ್ಲಿ ಕುಳಿತು ಸಹಿ ಹಾಕಿಸಿದರು, ಯಾರು ಓದಿ ಹೇಳಿದರು, ಬೇರೆ ಸಲಹೆ ಪಡೆಯಲು ಸಮಯ ಕೊಟ್ಟರೇ ಎಂಬುದನ್ನು ಪಾಟೀಸವಾಲಿನಲ್ಲಿ ಬಿಡದೆ ಕೇಳಿ. ಆಮೇಲೆ ಬಂಡಿ ತೀರ್ಪಿನಲ್ಲಿ ಡೆನಿಂಗ್ ಬರೆದ ಭಾಗವನ್ನು ದಾಟಿ, ಪಕ್ಕದಲ್ಲಿ ಕುಳಿತಿದ್ದ ಸರ್ ಎರಿಕ್ ಸ್ಯಾಕ್ಸ್ ಬರೆದ ಭಾಗವನ್ನು ಓದಿ. ಅದರಲ್ಲಿ ಕಾವ್ಯವಿಲ್ಲ. ಆದರೆ ಅನುಚಿತ ಪ್ರಭಾವದ ಬಗ್ಗೆ ಹೇಳುವ, ನಮ್ಮ 1872ರ ಕರಾರು ಕಾಯಿದೆಯ 16ನೆಯ ಕಲಮಿಗೆ ಅದೇ ಹತ್ತಿರ.